ಮರೆವಿರುವ ಗೆಳತಿಯ ಜೊತೆ ಒಂದು ಹಗಲು

ಪ್ರಶ್ನೆ: ನನಗೀಗ 72 ವರ್ಷ. ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಅಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕರೆ ಜೋಡಿಸುವ ನನ್ನ ಪಕ್ಕದ ಬೋರ್ಡಿನಲ್ಲಿ ಕುಳಿತ ಗೆಳತಿಗೆ ಈಗ 75. ಎರಡು ವರ್ಷದ ಹಿಂದೆ ಅವಳಿಗೆ ಆಲ್‌ಝೈಮರ್ ಕಾಯಿಲೆ ಎಂದು ವೈದ್ಯರು ಹೇಳಿದರು. ಮುಂದಿನ ತಿಂಗಳು ಮಗ ಸೊಸೆ ಒಂದು ಮದುವೆಗೆ ಹೋಗಬೇಕಾಗಿದ್ದು, ಬೆಳಿಗ್ಗೆಯಿಂದ ರಾತ್ರಿಯವರೆಗೆ ಜೊತೆಗಿರುತ್ತೀರಾ ಎಂದು ಸೊಸೆ ಸಂಕೋಚದಿಂದಲೇ ಕೇಳಿದಳು. ಒಪ್ಪಿದ್ದೇನೆ, ಆದರೆ ಭಯವಾಗುತ್ತಿದೆ. ಹೋದ ಸಲ ಅವಳಿಗೆ ನನ್ನ ಹೆಸರೇ ಬರಲಿಲ್ಲ. ಒಂದೇ ಮಾತನ್ನು ಹತ್ತು ಸಲ ಕೇಳುತ್ತಾಳೆ. ತೀರಿಕೊಂಡು ಒಂಬತ್ತು ವರ್ಷವಾದ ಗಂಡನನ್ನು ಹುಡುಕುತ್ತಾಳೆ. ಸಂಜೆಯಾದರೆ ಡ್ಯೂಟಿಗೆ ಹೊತ್ತಾಯಿತೆಂದು ಹೊರಡುತ್ತಾಳಂತೆ. ಸೊಸೆ ಬಳೆ ಕದ್ದಿದ್ದಾಳೆಂದು ನನ್ನ ಕಿವಿಯಲ್ಲಿ ಹೇಳಿದಳು. ‘ಅರವತ್ತಕ್ಕೆ ಅರಳು ಮರಳು, ಅದಕ್ಕೇನು ಮಾಡೋಕಾಗುತ್ತೆ’ ಎನ್ನುತ್ತಾರೆ ನೆರೆಯವರು. ಇಡೀ ದಿನ ನಾನು ಹೇಗಿರಬೇಕು? ಮರುದಿನ ನಾನು ಬಂದದ್ದೇ ಅವಳಿಗೆ ನೆನಪಿರದಿದ್ದರೆ ಹೋಗಿ ಪ್ರಯೋಜನವಾದರೂ ಏನು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಉಳಿದ ಪ್ರಶ್ನೆಗಳಲ್ಲಿ ಅರ್ಧದಷ್ಟು ತಾವಾಗಿಯೇ ಬಗೆಹರಿಯುತ್ತವೆ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಎದುವಾರ್ ಕ್ಲಾಪರೇದ್ ಎಂಬ ಮನೋವಿಜ್ಞಾನಿಯೊಬ್ಬರಿದ್ದರು. ಹೊಸದೇನನ್ನೂ ನೆನಪಿಟ್ಟುಕೊಳ್ಳಲಾರದ ಒಬ್ಬ ರೋಗಿಯನ್ನು ಅವರು ಮತ್ತೆ ಮತ್ತೆ ಭೇಟಿಯಾಗುತ್ತಿದ್ದರು. ಆಕೆಗೆ ಪ್ರತಿ ಸಲವೂ ಅವರು ಅಪರಿಚಿತರೇ. ಒಂದು ದಿನ ಅವರು ಬೆರಳ ಸಂದಿನಲ್ಲಿ ಸೂಜಿಯನ್ನು ಅಡಗಿಸಿಕೊಂಡು ಆಕೆಯ ಕೈ ಕುಲುಕಿದರು. ಸ್ವಲ್ಪ ಹೊತ್ತಿನಲ್ಲೇ ಆಕೆಗೆ ಚುಚ್ಚಿದ ಸಂಗತಿ ಮರೆತುಹೋಯಿತು, ಆದರೆ ಮತ್ತೆ ಕೈ ಚಾಚಿದಾಗ ಆಕೆ ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡಳು. ಏಕೆಂದು ಕೇಳಿದರೆ ಕಾರಣ ಮಾತ್ರ ಆಕೆಗೆ ತಿಳಿಯದು. 1911ರಲ್ಲಿ ಕ್ಲಾಪರೇದ್ ಇದನ್ನು ಬರೆದು ಪ್ರಕಟಿಸಿದರು. ಇಂದಿನ ಯಾವ ಆಸ್ಪತ್ರೆಯೂ ಇಂಥ ಪ್ರಯೋಗಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು; ಆದರೆ ಅದರಿಂದ ತಿಳಿದದ್ದು ಇಂದಿಗೂ ಸುಳ್ಳಾಗಿಲ್ಲ.

ಅದರ ಮೃದುವಾದ ರೂಪವನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದರು. ಆಲ್‌ಝೈಮರ್ ಇರುವ 17 ಮಂದಿಗೆ ದುಃಖದ ಮತ್ತು ನಗೆಯ ಚಲನಚಿತ್ರ ತುಣುಕುಗಳನ್ನು ತೋರಿಸಿ, ಸ್ವಲ್ಪ ಹೊತ್ತಿನ ಬಳಿಕ ಏನು ನೋಡಿದಿರಿ ಎಂದು ಕೇಳಿದಾಗ ಅವರಿಗೆ ಹೆಚ್ಚೇನೂ ನೆನಪಿರಲಿಲ್ಲ. ಆದರೂ ನೋಡಿದ್ದರಿಂದ ಹುಟ್ಟಿದ ದುಃಖ ಮತ್ತು ಸಂತೋಷ ಅವರಲ್ಲಿ ಉಳಿದಿದ್ದವು. ದುಃಖದ ಚಿತ್ರವನ್ನು ಹೆಚ್ಚು ಮರೆತವರಲ್ಲಿ ದುಃಖ ಇನ್ನೂ ಹೆಚ್ಚು ಹೊತ್ತು ಉಳಿದಿತ್ತು. ಅಂದರೆ, ಯಾರೋ ಗದರಿಸಿದ್ದು ಮರೆತುಹೋದರೂ ಆ ದುಗುಡ ಉಳಿಯುತ್ತದೆ, ಮತ್ತು ಕಾರಣ ಗೊತ್ತಿಲ್ಲದ ದುಗುಡವನ್ನು ಆ ವ್ಯಕ್ತಿ ತನ್ನಷ್ಟಕ್ಕೆ ಸಮಾಧಾನ ಮಾಡಿಕೊಳ್ಳಲಾರ. ನೀವು ಹೋಗಿಬಂದದ್ದು ನಿಮ್ಮ ಗೆಳತಿಗೆ ಮರುದಿನ ನೆನಪಿರದಿರಬಹುದು. ಆದರೆ ಆ ರಾತ್ರಿ ಅವರು ಹೇಗೆ ನಿದ್ದೆ ಮಾಡುತ್ತಾರೆ, ಮಗ ಸೊಸೆ ಬಂದಾಗ ಯಾವ ಮುಖದಲ್ಲಿ ಬಾಗಿಲಿಗೆ ಬರುತ್ತಾರೆ ಎಂಬುದರಲ್ಲಿ ನಿಮ್ಮ ಹಗಲಿನ ಪಾಲಿದೆ.

ನೆರೆಯವರ ಗಾದೆಯ ವಿಚಾರವನ್ನು ಬೇಗ ಮುಗಿಸೋಣ. ದೇಶದ ಹಿರಿಯರ ಕುರಿತ ದೊಡ್ಡ ಸಮೀಕ್ಷೆಯೊಂದರ ಆಧಾರದಲ್ಲಿ 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ ಡಿಮೆನ್ಷಿಯಾ, ಅಂದರೆ ಆಲ್‌ಝೈಮರ್‌ನಂಥ ಕಾಯಿಲೆಗಳಿಂದ ಬರುವ ತೀವ್ರ ಮರೆವು, ಇದೆ. ಸಂಖ್ಯೆಯಲ್ಲಿ ಸುಮಾರು 88 ಲಕ್ಷ. ಇದು ಸಣ್ಣ ಸಂಖ್ಯೆಯಲ್ಲ, ಆದರೆ ನೂರರಲ್ಲಿ ಉಳಿದ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಅದಿಲ್ಲವೆಂಬುದೂ ಇದೇ ಲೆಕ್ಕದಲ್ಲಿದೆ. ಅರಳು ಮರಳು ವಯಸ್ಸಿನ ಸಹಜ ಧರ್ಮ ಎಂದುಕೊಂಡು ವೈದ್ಯರ ಬಳಿಗೆ ಹೋಗದೇ ಉಳಿದವರಲ್ಲಿ ಥೈರಾಯ್ಡ್ ಕೊರತೆ, ಬಿ12 ಕೊರತೆ, ಖಿನ್ನತೆಯಂಥ ಚಿಕಿತ್ಸೆಯಿರುವ ಕಾರಣಗಳೂ ಪತ್ತೆಯಾಗದೇ ಹೋಗುತ್ತವೆ. ನಿಮ್ಮ ಗೆಳತಿಯ ಮನೆಯವರು ಆ ತಪ್ಪು ಮಾಡಿಲ್ಲ.

ಈ ಕಾಯಿಲೆ ಮೆದುಳಿನಲ್ಲಿ ಮೊದಲು ಹಾನಿ ಮಾಡುವ ಜಾಗಗಳಲ್ಲಿ ಹಿಪೊಕ್ಯಾಂಪಸ್ ಒಂದು. ಹೊಸ ಅನುಭವವನ್ನು ನೆನಪಾಗಿ ಕಟ್ಟಿಡುವ ಕೆಲಸ ಅದರದು. ಆದ್ದರಿಂದ ಇವತ್ತಿನ ತಿಂಡಿ ಮೊದಲು ಹೋಗುತ್ತದೆ, 1975ರ ನೈಟ್ ಶಿಫ್ಟ್ ಬಹಳ ಕಾಲ ಉಳಿಯುತ್ತದೆ. ಹೊಸ ನೆನಪು ಮೊದಲು, ಹಳೆಯದು ಆಮೇಲೆ ಎಂಬ ಈ ಕ್ರಮವನ್ನು ಫ್ರಾನ್ಸಿನ ಮನೋವಿಜ್ಞಾನಿ ತೆಯೊದ್ಯುಲ್ ರಿಬೊ 1881ರಷ್ಟು ಹಿಂದೆಯೇ ಗುರುತಿಸಿದ್ದರು. ಕೈಗೆ ರೂಢಿಯಾದ ಕೆಲಸಗಳ ನೆನಪು ಇರುವುದು ಮೆದುಳಿನ ಬೇರೆ ಭಾಗಗಳಲ್ಲಿ. ಅದು ಇನ್ನೂ ತಡವಾಗಿ ಸವೆಯುತ್ತದೆ. ಇದು ನಿಮಗೆ ಏಕೆ ಮುಖ್ಯವೆಂದರೆ, ನಿಮ್ಮ ಗೆಳತಿಯಲ್ಲಿ ಇನ್ನೂ ಗಟ್ಟಿಯಾಗಿರುವ ಕಾಲಕ್ಕೆ ಮಗನೂ ಸಾಕ್ಷಿಯಲ್ಲ, ಸೊಸೆಯೂ ಅಲ್ಲ. ನೀವು ಸಾಕ್ಷಿ. ಮನೆಯವರ ಪಾಲಿಗೆ ಅರ್ಥವಾಗದ ಮಾತು ನಿಮಗೆ ಅರ್ಥವಾಗುತ್ತದೆ. ತರಬೇತಿ ಪಡೆದ ದಾದಿಗೂ ಈ ಅನುಕೂಲವಿಲ್ಲ.

ಇನ್ನು ಸಿದ್ಧತೆ. ಮದುವೆಯ ದಿನವೇ ಮೊದಲ ದಿನವಾಗಬಾರದು. ಅದಕ್ಕೆ ಮುನ್ನ ಎರಡು ಮೂರು ಸಲ, ಬೇರೆ ಬೇರೆ ಹೊತ್ತಿನಲ್ಲಿ, ಎರಡೆರಡು ಗಂಟೆ ಹೋಗಿ ಕುಳಿತು ಬನ್ನಿ. ಒಂದು ಸಲವಾದರೂ ಸಂಜೆ ನಾಲ್ಕರಿಂದ ಆರರವರೆಗೆ ಇರಿ. ನಿಮಗೂ 72 ಆಗಿದೆ ಎಂಬುದನ್ನು ಮರೆಯದೆ, ಆ ದಿನ ಮಧ್ಯಾಹ್ನ ಎರಡು ಗಂಟೆಗಳ ಕಾಲ ಪರಿಚಯದ ಇನ್ನೊಬ್ಬರು ಬಂದು ಕೂರುವಂತೆ ಮಗನಿಂದಲೇ ಏರ್ಪಾಡು ಮಾಡಿಸಿ. ಸೊಸೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕಾದದ್ದು ಇಷ್ಟು: ಯಾವ ಮಾತ್ರೆ ಎಷ್ಟು ಗಂಟೆಗೆ, ನುಂಗಲು ಕಷ್ಟವಿದೆಯೇ, ಮೂತ್ರಕ್ಕೆ ಹೋಗಬೇಕೆನಿಸಿದಾಗ ಅವರು ಹೇಗೆ ಚಡಪಡಿಸುತ್ತಾರೆ, ಕನ್ನಡಕ ಮತ್ತು ಕಿವಿಯ ಯಂತ್ರ ಎಲ್ಲಿವೆ, ಸಿಟ್ಟು ಬಂದಾಗ ಏನು ಮಾಡಿದರೆ ತಣ್ಣಗಾಗುತ್ತಾರೆ, ವೈದ್ಯರ ಫೋನ್ ನಂಬರ್ ಯಾವುದು. ಮಾತ್ರೆ ಕೊಟ್ಟ ತಕ್ಷಣ ಹಾಳೆಯಲ್ಲಿ ಗುರುತು ಹಾಕಿ, ಏಕೆಂದರೆ ಹತ್ತು ನಿಮಿಷದಲ್ಲಿ ‘ನಾನು ಮಾತ್ರೆ ತಗೊಂಡಿಲ್ಲ’ ಎಂದು ಅವರು ನಿಶ್ಚಯವಾಗಿ ಹೇಳಿದರೆ ನಿಮಗೇ ಅನುಮಾನ ಬರುತ್ತದೆ. ಮೂಗು ಸೋರುತ್ತಿದೆ, ಮೈ ತುರಿಸುತ್ತಿದೆ ಎಂದು ಮನೆಯ ಡಬ್ಬಿಯಲ್ಲಿರುವ ನೆಗಡಿ ಮಾತ್ರೆಯನ್ನು ಮಾತ್ರ ಕೊಡಬೇಡಿ. ಕ್ಲೋರ್‌ಫೆನಿರಮಿನ್ ಇರುವ ಇಂಥ ಮಾತ್ರೆಗಳು ಮರೆವಿರುವವರ ಗೊಂದಲವನ್ನು ಹೆಚ್ಚಿಸುತ್ತವೆ. ಬಚ್ಚಲು ಮನೆಯ ಒಳಚಿಲಕವನ್ನು ಮೊದಲೇ ಬಿಚ್ಚಿಸಿಡುವುದು ಒಳ್ಳೆಯದು. ಒಳಗಿನಿಂದ ಚಿಲಕ ಹಾಕಿಕೊಂಡು ತೆಗೆಯಲು ತಿಳಿಯದೆ ಗಾಬರಿಯಾದವರನ್ನು ಹೊರಗೆ ತರಲು ಬಡಗಿಯನ್ನು ಕರೆಸಿದ ಮನೆಗಳನ್ನು ನಾನು ಬಲ್ಲೆ.

ಆ ಬೆಳಿಗ್ಗೆ ಬಾಗಿಲಲ್ಲಿ ನೀವು ಆಡುವ ಮೊದಲ ಮಾತಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ನಮ್ಮಲ್ಲಿ ಮರೆವಿರುವ ಹಿರಿಯರ ಮನೆಗೆ ಬರುವ ನೆಂಟರು, ಚಪ್ಪಲಿ ಬಿಡುವುದಕ್ಕೂ ಮುಂಚೆ, ಕುಶಾಲಿನ ದನಿಯಲ್ಲಿ ‘ನಾನ್ಯಾರು ಹೇಳಿ ನೋಡೋಣ’ ಎಂದು ಕೇಳುತ್ತಾರೆ. ಕೇಳುವವರದು ಪ್ರೀತಿಯೇ ಇರಬಹುದು, ಆದರೆ ಅದು ಪರೀಕ್ಷೆ. ಅದೂ ಫೇಲಾಗುವುದು ಖಚಿತವೆಂದು ಗೊತ್ತಿರುವ ಪರೀಕ್ಷೆ, ಎಲ್ಲರ ಎದುರಿಗೆ. ಆ ಕ್ಷಣ ಹಿರಿಯರ ಮುಖವನ್ನು ನೋಡಿ: ಒಂದು ಸುಳ್ಳು ನಗು ಬರುತ್ತದೆ, ಕಣ್ಣು ಮನೆಯವರ ಕಡೆಗೆ ಸಹಾಯಕ್ಕಾಗಿ ಹೊರಳುತ್ತದೆ, ‘ಗೊತ್ತಿಲ್ದೆ ಏನು, ಗೊತ್ತು’ ಎಂಬ ಮಾತು ಹೊರಡುತ್ತದೆ. ಎಷ್ಟು ಮರೆತರೂ ಮರ್ಯಾದೆಯ ಪ್ರಜ್ಞೆ ಬಹಳ ಕಾಲ ಉಳಿಯುತ್ತದೆ. ಹೀಗಾಗಿ ನೀವು ಅವರ ಎದುರಿಗೆ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕುಳಿತು, ಹೆಸರು ಮತ್ತು ಗುರುತನ್ನು ನೀವೇ ಕೊಟ್ಟುಬಿಡಿ. ‘ನಾನು ಕಣೇ, ಎಕ್ಸ್‌ಚೇಂಜಿನಲ್ಲಿ ನಿನ್ನ ಪಕ್ಕದ ಬೋರ್ಡು. ಇವತ್ತು ನಿನ್ನ ಜೊತೆ ಕೂತು ಕಾಫಿ ಕುಡಿಯೋಣ ಅಂತ ಬಂದೆ’ ಎಂದರೆ ಸಾಕು. ಹೆಸರು ಬಾರದಿದ್ದರೂ ‘ಇವಳು ನನ್ನ ಕಡೆಯವಳು’ ಎಂಬ ಭಾವ ಬಂದರೆ ನಿಮ್ಮ ಕೆಲಸ ಆಯಿತು.

‘ನೆನಪಿದೆಯಾ’ ಎಂಬ ಪದವನ್ನೇ ಆ ದಿನ ಮನೆಯ ಹೊರಗೆ ಬಿಟ್ಟು ಹೋಗಿ. ‘ಆ ದೀಪಾವಳಿ ದಿನ ಏನಾಯ್ತು ನೆನಪಿದೆಯಾ’ ಎಂದು ಕೇಳುವ ಬದಲು ನೀವೇ ಕಥೆಯನ್ನು ಆರಂಭಿಸಿ: ‘ದೀಪಾವಳಿ ಬಂತು ಅಂದ್ರೆ ನಮ್ಮ ಬೋರ್ಡು ಪೂರ್ತಿ ದೀಪಾನೇ. ಎಲ್ಲರಿಗೂ ಬೊಂಬಾಯಿ ಲೈನೇ ಬೇಕು. ಅದರ ಮಧ್ಯೆ ಎಲ್ಲಕ್ಕಿಂತ ತುರ್ತಿನ ಒಂದು ಲೈಟ್ನಿಂಗ್ ಕಾಲ್ ಬಂದರೆ…’ ಎಂದು ಅಲ್ಲಿಗೆ ನಿಲ್ಲಿಸಿ, ಸುಮ್ಮನೆ ಕಾಯಿರಿ. ಹತ್ತು ಸೆಕೆಂಡು, ಬೇಕಿದ್ದರೆ ಇಪ್ಪತ್ತು ಸೆಕೆಂಡು. ನಮಗೆ ಅದು ಯುಗದಂತೆ ಅನಿಸುತ್ತದೆ, ಆದರೆ ಕೇಳಿದ ಮಾತನ್ನು ಅರ್ಥಮಾಡಿಕೊಂಡು ಉತ್ತರ ಜೋಡಿಸಲು ಅವರಿಗೆ ಅಷ್ಟು ಹೊತ್ತು ಬೇಕು, ಮತ್ತು ನಾವು ಮಧ್ಯೆ ಬಾಯಿ ಹಾಕಿದರೆ ಅವರು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಅವರು ಹೇಳುವ ಕಥೆಯಲ್ಲಿ ಎರಡು ವರ್ಷಗಳು ಕಲಸಿಹೋಗಿದ್ದರೆ, ಸೂಪರ್‌ವೈಸರರ ಹೆಸರು ಅದಲುಬದಲಾಗಿದ್ದರೆ, ತಿದ್ದಬೇಡಿ. ಕೇಳಬೇಕಾದದ್ದಿದ್ದರೆ ಕೈಯಲ್ಲಿ ಹಿಡಿದು ತೋರಿಸಬಹುದಾದ ಎರಡರಲ್ಲಿ ಒಂದನ್ನು ಆರಿಸುವಂತೆ ಕೇಳಿ. ‘ತಿಂಡಿಗೆ ಏನು ಬೇಕು’ ಎಂಬುದು ಕಷ್ಟದ ಪ್ರಶ್ನೆ; ‘ಈ ಹಳದಿ ಸೀರೇನಾ, ಹಸಿರಾ’ ಎಂಬುದು ಸುಲಭದ್ದು.

ಒಂದೇ ಪ್ರಶ್ನೆ ಹತ್ತು ಸಲ ಬರುವುದು ನಿಶ್ಚಯ. ‘ಇವರೆಲ್ಲ ಎಲ್ಲಿಗೆ ಹೋದರು?’ ಎಂದು ಕೇಳಿದಾಗ ‘ಆಗಲೇ ಹೇಳಿದೆನಲ್ಲ’ ಎಂಬ ಉತ್ತರದಿಂದ ಏನೂ ಆಗದು, ಏಕೆಂದರೆ ಅವರ ಪಾಲಿಗೆ ನೀವು ಹೇಳಿಯೇ ಇಲ್ಲ. ದೊಡ್ಡ ಅಕ್ಷರದಲ್ಲಿ ‘ಮಗ, ಸೊಸೆ ಮದುವೆಗೆ ಹೋಗಿದ್ದಾರೆ. ರಾತ್ರಿ 8 ಗಂಟೆಗೆ ಬರುತ್ತಾರೆ’ ಎಂದು ಮಗನ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಸಿ ಅವರ ಕುರ್ಚಿಯ ಎದುರಿಗೆ ಅಂಟಿಸಿ. ಓದುವ ಶಕ್ತಿ ಬಹಳ ಮಂದಿಗೆ ಸಾಕಷ್ಟು ಕಾಲ ಉಳಿಯುತ್ತದೆ. ಹಾಳೆಯತ್ತ ಕೈ ತೋರಿಸುವುದು ನಿಮ್ಮ ತಾಳ್ಮೆಯನ್ನೂ ಉಳಿಸುತ್ತದೆ. ಆದರೆ ಪ್ರಶ್ನೆ ನಿಲ್ಲದೆ ಬರುತ್ತಲೇ ಇದ್ದರೆ, ಮಾತಿನ ಹಿಂದೆ ಹಸಿವು, ಮೂತ್ರದ ಒತ್ತಡ ಅಥವಾ ಒಂಟಿತನದ ಭಯ ಇದೆಯೇ ಎಂದು ನೋಡಿ. ಕೈ ಹಿಡಿದುಕೊಂಡು ಕುಳಿತರೆ ಎಷ್ಟೋ ಸಲ ಪ್ರಶ್ನೆಯೇ ಕರಗಿಹೋಗುತ್ತದೆ.

ಗಂಡನ ವಿಚಾರ ಇದೆಲ್ಲಕ್ಕಿಂತ ಕಠಿಣ. ವೃತ್ತಿಯ ಆರಂಭದ ದಿನಗಳಲ್ಲಿ ನಾನೇ ಮಾಡಿದ ತಪ್ಪನ್ನು ಹೇಳುತ್ತೇನೆ. ಹಿರಿಯರೊಬ್ಬರು ತಪಾಸಣೆಯ ನಡುವೆ ‘ನಮ್ಮ ಮನೆಯವಳು ಹೊರಗೆ ಕೂತಿದ್ದಾಳೆ, ಕರೀರಿ’ ಎಂದರು. ರೋಗಿಗೆ ವಾಸ್ತವವನ್ನು ಮತ್ತೆ ಮತ್ತೆ ನೆನಪಿಸಬೇಕೆಂದು ಪಾಠದಲ್ಲಿ ಓದಿದ್ದ ನಾನು, ಅವರ ಪತ್ನಿ ತೀರಿಕೊಂಡು ನಾಲ್ಕು ವರ್ಷವಾಯಿತೆಂದು ಬಹಳ ಸ್ಪಷ್ಟವಾಗಿ ಹೇಳಿದೆ. ಅವರು ಆ ಸುದ್ದಿಯನ್ನು ಆಗಲೇ ಮೊದಲ ಸಲ ಕೇಳಿದವರಂತೆ ಅತ್ತರು. ತನಗೆ ಯಾರೂ ತಿಳಿಸಲಿಲ್ಲವೆಂದು ಮಗನ ಮೇಲೆ ಸಿಟ್ಟಾದರು. ಅರ್ಧ ಗಂಟೆಯ ಬಳಿಕ ಔಷಧಿ ಅಂಗಡಿಯ ಎದುರು ನಿಂತು ಮತ್ತೆ ಹೆಂಡತಿಯನ್ನು ಕೇಳಿದರಂತೆ. ಅಂದರೆ ನನ್ನ ಸತ್ಯ ಅವರಿಗೆ ತಿಳಿವಳಿಕೆಯನ್ನು ಕೊಡಲಿಲ್ಲ, ಸಾವನ್ನು ಮಾತ್ರ ಇನ್ನೊಮ್ಮೆ ಕೊಟ್ಟಿತು.

ಹಾಗೆಂದು ಸುಳ್ಳು ಹೇಳಬೇಕೆ ಎಂದು ನೀವು ಕೇಳಬಹುದು. ಈ ವಿಷಯದಲ್ಲಿ ತಜ್ಞರಲ್ಲಿಯೂ ಭಿನ್ನಾಭಿಪ್ರಾಯವಿದೆ. ನನ್ನ ನಿಲುವನ್ನು ಹೇಳುತ್ತೇನೆ. ‘ಅವರು ಇನ್ನೂ ಊಟಕ್ಕೆ ಬಂದಿಲ್ಲ’ ಎಂದು ಗೆಳತಿ ಹೇಳಿದರೆ ಅದು ಪ್ರಶ್ನೆಯಲ್ಲ, ಹಂಬಲ. ‘ಅವರಿಗೆ ನಿನ್ನ ಕೈಯಿನ ಯಾವ ಅಡುಗೆ ಇಷ್ಟ ಇತ್ತು ಹೇಳು’ ಎಂದೋ, ‘ನಿಮ್ಮ ಮನೆಯವರು ಮಳೆಯಲ್ಲಿ ಕೊಡೆ ಹಿಡ್ಕೊಂಡು ಎಕ್ಸ್‌ಚೇಂಜಿನ ಗೇಟಿನ ಹತ್ತಿರ ಕಾಯ್ತಾ ಇರ್ತಿದ್ರು’ ಎಂದೋ ಆ ಮನುಷ್ಯನ ಬಗ್ಗೆಯೇ ಮಾತಾಡಿ. ಸುಳ್ಳೂ ಬೇಕಾಗುವುದಿಲ್ಲ, ಸಾವಿನ ಸುದ್ದಿಯೂ ಬೇಕಾಗುವುದಿಲ್ಲ. ‘ಈಗ ಬರ್ತಾರೆ’ ಎಂಬ ಸುಲಭದ ಸುಳ್ಳನ್ನು ನಾನು ಸಲಹೆ ಮಾಡುವುದಿಲ್ಲ, ಏಕೆಂದರೆ ಅವರು ಕಿಟಕಿಯ ಬಳಿ ಕಾಯುತ್ತಾ ನಿಲ್ಲುತ್ತಾರೆ. ಆದರೆ ಅವರೇ ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ‘ಅವರು ಹೋಗಿಬಿಟ್ಟರಾ?’ ಎಂದು ನೇರವಾಗಿ ಕೇಳಿದರೆ, ಅವರಿಗೆ ಒಳಗೊಳಗೇ ಗೊತ್ತಿದೆ ಎಂದರ್ಥ. ಆಗ ‘ಹೌದು ಕಣೇ’ ಎಂದು ಹೇಳಿ ಜೊತೆಗೆ ಕೂರಿ. ಅಲ್ಲಿ ಮಾತು ಮರೆಸುವುದು ಮೋಸವಾಗುತ್ತದೆ.

ಬೆಳಗಿನ ಹೊತ್ತು ಅವರ ಬುದ್ಧಿ ಹೆಚ್ಚು ತಿಳಿಯಾಗಿರುತ್ತದೆ. ಸ್ನಾನ, ಹೊರಗಿನ ಓಡಾಟ, ಕೈಕೆಲಸ ಎಲ್ಲವನ್ನೂ ಹನ್ನೊಂದರ ಒಳಗೆ ಇಟ್ಟುಕೊಳ್ಳಿ. ಸ್ನಾನವನ್ನು ಸೊಸೆ ಹೊರಡುವ ಮುನ್ನ ಮಾಡಿಸಿದ್ದರೆ ಒಳ್ಳೆಯದು; ಆಗದಿದ್ದರೆ ಆ ದಿನ ಕೈಕಾಲು ಮುಖ ತೊಳೆದರೆ ಸಾಕು, ಅದಕ್ಕಾಗಿ ಜಗಳ ಬೇಡ. ಹೊರಗೆ ಹೋಗುವುದಾದರೆ ಮನೆಯ ಬೀದಿ, ಹತ್ತಿರದ ದೇವಸ್ಥಾನದ ಕಟ್ಟೆ, ಅಷ್ಟೇ. ಗಾಂಧಿ ಬಜಾರಿನ ಜನಜಂಗುಳಿಗೆ ಕರೆದೊಯ್ಯಬೇಡಿ. ಹೊರಡುವ ಮುನ್ನ ಅವರು ಉಟ್ಟ ಸೀರೆಯೂ ಕಾಣುವಂತೆ ನಿಮ್ಮ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಮಗನ ಫೋನ್ ನಂಬರಿನ ಚೀಟಿಯನ್ನು ಅವರ ಪರ್ಸಿನಲ್ಲಿಡಿ. ಕಣ್ತಪ್ಪಿ ಎಲ್ಲಾದರೂ ಹೋದರೆ ಬೀದಿಯೆಲ್ಲ ಹುಡುಕಿ ನೋಡೋಣ ಎಂದು ತಡಮಾಡದೆ 112ಕ್ಕೆ ಕರೆ ಮಾಡಿ.

ಕೈಕೆಲಸಕ್ಕೆ ನಾನು ಹೂ ಕಟ್ಟುವುದನ್ನು ಸೂಚಿಸುತ್ತೇನೆ. ಬರುವಾಗ ಕಾಲು ಕಿಲೊ ಬಿಡಿ ಸೇವಂತಿಗೆಯನ್ನೋ ಕನಕಾಂಬರವನ್ನೋ ತನ್ನಿ, ಬಾಳೆನಾರನ್ನು ನೀರಿನಲ್ಲಿ ನೆನೆಸಿಡಿ. ಅವರ ಮುಂದೆ ಬುಟ್ಟಿ ಇಟ್ಟು ‘ಕಟ್ಟು’ ಎಂದು ಹೇಳಬೇಡಿ. ನೀವು ಪಕ್ಕದಲ್ಲಿ ಕುಳಿತು ಕಟ್ಟಲು ಆರಂಭಿಸಿ, ನಾರಿನ ಒಂದು ತುದಿಯನ್ನು ಅವರ ಕೈಗೆ ಕೊಡಿ. ಕೆಲ ಹೊತ್ತು ಅವರು ಸುಮ್ಮನೆ ಅದನ್ನು ಬೆರಳಿಗೆ ಸುತ್ತುತ್ತಿರಬಹುದು. ಆಮೇಲೆ ಎಡಗೈ ಹೆಬ್ಬೆರಳು ಎರಡು ಹೂವಿನ ತೊಟ್ಟುಗಳನ್ನು ನಾರಿನ ಮೇಲೆ ಒತ್ತಿ ಹಿಡಿಯುತ್ತದೆ, ಬಲಗೈ ನಾರನ್ನು ಒಂದು ಸುತ್ತು ತಂದು ಕುಣಿಕೆಯೊಳಗೆ ಹಾಯಿಸಿ ಎಳೆಯುತ್ತದೆ. ಎದುರು ಬದುರಾಗಿ ಇನ್ನೆರಡು ಹೂ. ನಿಮ್ಮ ಹೆಸರು ಹೇಳಲಾಗದವರು ಮೊಳದುದ್ದ ಮಾಲೆಯನ್ನು ಒಂದೂ ಹೂ ಜಾರದಂತೆ ಕಟ್ಟುವುದನ್ನು ನೋಡಿದರೆ ಮೆದುಳಿನ ಕುರಿತು ನಾನು ಮೇಲೆ ಬರೆದದ್ದು ನಿಮಗೆ ಕಣ್ಣಾರೆ ಕಾಣುತ್ತದೆ. ಮಾಲೆ ಸಡಿಲವಾಗಿದ್ದರೆ ಅವರ ಎದುರಿಗೆ ಬಿಚ್ಚಿ ಮತ್ತೆ ಕಟ್ಟಬೇಡಿ, ಹಾಗೆಯೇ ದೇವರ ಪಟಕ್ಕೆ ಹಾಕಿ. ಮಗುವಿಗೆ ಹೇಳುವಂತೆ ‘ಶಭಾಷ್, ಜಾಣೆ’ ಎಂದು ಚಪ್ಪಾಳೆ ತಟ್ಟುವುದೂ ಬೇಡ. ಹೂ ಕಟ್ಟಿದವರಿಗೆ ಹೇಳುವ ಮಾತು ‘ಎಷ್ಟು ಒತ್ತಾಗಿ ಕಟ್ಟಿದ್ದೀಯೇ’ ಎಂಬುದು. ಹುರುಳಿಕಾಯಿ ನಾರು ತೆಗೆಯುವುದು, ಒಗೆದ ಬಟ್ಟೆ ಮಡಚುವುದು, ಚೆನ್ನೆಮಣೆ ಆಟ ಇವೂ ಆದೀತು. ಚೆನ್ನೆಮಣೆಯಲ್ಲಿ ಲೆಕ್ಕ ತಪ್ಪಿದರೆ ಆಟದ ನಿಯಮವನ್ನೇ ಬದಲಿಸಿಬಿಡಿ, ಗೆಲ್ಲುವವರು ಯಾರಾದರೇನು.

ಊಟದ ವಿಷಯದಲ್ಲಿ ಹೆಚ್ಚು ಜನಕ್ಕೆ ತಿಳಿಯದ ಒಂದು ಸಂಗತಿಯಿದೆ. ಈ ಕಾಯಿಲೆಯಲ್ಲಿ ಕಣ್ಣು ಸರಿಯಿದ್ದರೂ ಕಂಡದ್ದನ್ನು ಬೇರ್ಪಡಿಸಿ ಗುರುತಿಸುವ ಮೆದುಳಿನ ಶಕ್ತಿ ಕುಂದುತ್ತದೆ. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಮೊಸರನ್ನ ಹಾಕಿದರೆ ಅನ್ನ ಎಲ್ಲಿ ಮುಗಿದು ತಟ್ಟೆ ಎಲ್ಲಿ ಆರಂಭವಾಗುತ್ತದೆಂದು ಅವರಿಗೆ ಕಾಣುವುದಿಲ್ಲ. ಮನೆಯವರು ‘ಊಟ ಸೇರುತ್ತಿಲ್ಲ’ ಎಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ಕೆಲವೇ ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಿಳಿ ತಟ್ಟೆಯ ಬದಲು ಗಾಢ ಕೆಂಪು ತಟ್ಟೆ ಇಟ್ಟಾಗ ಅವರು ತಿಂದ ಆಹಾರದ ಪ್ರಮಾಣ ಶೇ. 25ರಷ್ಟು ಹೆಚ್ಚಿತು. ನಮಗೆ ಕೆಂಪು ತಟ್ಟೆ ಹುಡುಕುವ ಅಗತ್ಯವಿಲ್ಲ, ಬಾಳೆ ಎಲೆ ಇದೆ. ಹಸಿರಿನ ಮೇಲೆ ಅನ್ನ ಚೆನ್ನಾಗಿ ಕಾಣುತ್ತದೆ, ಎಲೆಯ ಮುಂದೆ ಕೂತರೆ ಕೈ ತಾನಾಗಿಯೇ ಕಲಸಲು ಆರಂಭಿಸುತ್ತದೆ. ಆದರೆ ಹಬ್ಬದಂತೆ ಎಲೆ ತುಂಬ ಬಡಿಸಬೇಡಿ, ಒಂದು ಸಲಕ್ಕೆ ಒಂದು ಬಗೆ ಸಾಕು. ಸಾರಿನ ಬಿಸಿಯನ್ನು ನೀವೇ ಮುಟ್ಟಿ ನೋಡಿ ಬಡಿಸಿ, ಒಗ್ಗರಣೆಯ ಒಣಮೆಣಸಿನಕಾಯಿ, ಕರಿಬೇವುಗಳನ್ನು ತೆಗೆದಿಡಿ. ನೀವೂ ಜೊತೆಗೇ ಕೂತು ಉಣ್ಣಿ. ಎದುರಿನವರು ಉಣ್ಣುವುದನ್ನು ನೋಡಿ ಅವರ ಕೈಗೆ ಮುಂದಿನ ಹೆಜ್ಜೆ ತಿಳಿಯುತ್ತದೆ. ಬಾಯಾರಿಕೆ ಅವರಿಗೆ ಸರಿಯಾಗಿ ತಿಳಿಯದಿರಬಹುದು, ಹಾಗಾಗಿ ಗಂಟೆಗೊಮ್ಮೆ ಅರ್ಧ ಲೋಟ ನೀರೋ ಮಜ್ಜಿಗೆಯೋ ಕೊಡುತ್ತಿರಿ. ಎರಡು ಗಂಟೆಗೊಮ್ಮೆ ಬಚ್ಚಲಿಗೆ ಕರೆದೊಯ್ಯಿರಿ. ‘ಹೋಗಬೇಕಾ’ ಎಂದು ಕೇಳಿದರೆ ಹೆಚ್ಚಾಗಿ ಬರುವ ಉತ್ತರ ‘ಬೇಡ’. ‘ಬಾರೇ, ಹೋಗಿ ಬರೋಣ’ ಎಂದರೆ ಎದ್ದು ಬರುತ್ತಾರೆ.

ಬಳೆಯ ಆರೋಪ ಆ ದಿನವೂ ಬರಬಹುದು. ಬಹಳ ಮನೆಗಳಲ್ಲಿ ಇದು ಹೀಗೆಯೇ ಬರುತ್ತದೆ: ಹಿರಿಯರು ಒಡವೆಯನ್ನೋ ಹಣವನ್ನೋ ಜೋಪಾನವಾಗಿರಲೆಂದು ಅಕ್ಕಿ ಡಬ್ಬಿಯಲ್ಲೋ ದಿಂಬಿನ ಚೀಲದಲ್ಲೋ ಇಡುತ್ತಾರೆ, ಇಟ್ಟದ್ದು ಮರೆಯುತ್ತದೆ, ವಸ್ತು ಇಲ್ಲವೆಂಬುದು ಮಾತ್ರ ಕಾಣುತ್ತದೆ. ಇಲ್ಲದ ವಸ್ತುವಿಗೆ ಮನಸ್ಸು ಒಂದು ಕಾರಣವನ್ನು ಹುಡುಕುತ್ತದೆ, ಮತ್ತು ಹಗಲಿಡೀ ಹತ್ತಿರದಲ್ಲಿದ್ದು ಊಟ, ಸ್ನಾನ, ಮಾತ್ರೆಯೆಂದು ಓಡಾಡುವವಳ ಮೇಲೆಯೇ ಆ ಕಾರಣ ಬಂದು ಕೂರುತ್ತದೆ. ಹೆಚ್ಚು ಸೇವೆ ಮಾಡುವವಳೇ ಕಳ್ಳಿಯಾಗುವ ಈ ಅನ್ಯಾಯ ಕಾಯಿಲೆಯದೇ ಹೊರತು ನಿಮ್ಮ ಗೆಳತಿಯ ಗುಣದ್ದಲ್ಲ. ನೀವು ನ್ಯಾಯಾಧೀಶರಾಗಬೇಡಿ. ‘ಛೆ, ಅವಳು ಅಂಥವಳಲ್ಲ’ ಎಂದರೆ ನೀವೂ ಶತ್ರುಪಕ್ಷವಾಗುತ್ತೀರಿ. ‘ಹೌದಾ, ಅಯ್ಯೋ’ ಎಂದರೆ ಅನುಮಾನ ಗಟ್ಟಿಯಾಗುತ್ತದೆ. ‘ಬಳೆ ಕಾಣ್ತಿಲ್ಲ ಅಂದ್ರೆ ಬೇಜಾರೇ. ಬಾ, ಇಬ್ಬರೂ ಹುಡುಕೋಣ’ ಎಂದು ಎದ್ದು, ಹುಡುಕುವ ದಾರಿಯಲ್ಲಿ ಹಳೆಯ ಆಲ್ಬಮ್ಮೋ ಸೀರೆಯ ಪೆಟ್ಟಿಗೆಯೋ ಸಿಕ್ಕರೆ ಅಲ್ಲೇ ಕೂತುಬಿಡಿ. ಈ ಮಾತನ್ನು ಹೊರಗೆ ಯಾರ ಬಳಿಯೂ, ತಮಾಷೆಗೂ, ಆಡಬೇಡಿ. ಆ ಸೊಸೆ ಅದನ್ನು ಈಗಾಗಲೇ ಎಷ್ಟು ನೆಂಟರ ಬಾಯಲ್ಲಿ ಕೇಳಿದ್ದಾಳೋ.

ಮಧ್ಯಾಹ್ನ ಮುಕ್ಕಾಲು ಗಂಟೆ ಮಲಗಿದರೆ ಸಾಕು, ಅದಕ್ಕಿಂತ ಹೆಚ್ಚು ಮಲಗಿದರೆ ರಾತ್ರಿಯ ನಿದ್ದೆ ಕೆಡುತ್ತದೆ. ಎದ್ದ ಮೇಲೆ ದಿನದ ಕಷ್ಟದ ಹೊತ್ತು ಬರುತ್ತದೆ. ಮೆದುಳಿನ ದಿನಗಡಿಯಾರ ಹಾಳಾಗಿರುವುದು, ದಿನದ ಆಯಾಸ, ಮಂದವಾಗುವ ಬೆಳಕು, ಉದ್ದವಾಗುವ ನೆರಳು ಎಲ್ಲ ಸೇರಿ ಮುಸ್ಸಂಜೆಯಲ್ಲಿ ಚಡಪಡಿಕೆ ಹೆಚ್ಚಾಗುವುದು ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯ. ನಾಲ್ಕೂವರೆಗೇ ಮನೆಯ ದೀಪಗಳನ್ನೆಲ್ಲ ಹಾಕಿ. ಕತ್ತಲಾಗುವ ಕಿಟಕಿ ಕನ್ನಡಿಯಂತಾಗಿ ಅದರಲ್ಲಿ ಯಾರೋ ನಿಂತಂತೆ ಕಾಣುವುದುಂಟು, ಪರದೆ ಎಳೆಯಿರಿ. ನ್ಯೂಸ್ ಚಾನೆಲ್ ಹಾಕಲೇಬೇಡಿ; ಅಲ್ಲಿ ಕೂಗಾಡುವವರು ತಮ್ಮ ಮನೆಯಲ್ಲೇ ಜಗಳವಾಡುತ್ತಿದ್ದಾರೆಂದು ನಂಬಿ ಹೆದರಿದವರಿದ್ದಾರೆ. (ಮರೆವಿಲ್ಲದ ನಮಗೂ ಆ ಹೊತ್ತಿನಲ್ಲಿ ಅದರಿಂದ ಒಳಿತೇನೂ ಇಲ್ಲ.)

‘ಡ್ಯೂಟಿಗೆ ಹೊತ್ತಾಯಿತು’ ಎಂದು ಅವರು ಎದ್ದಾಗ ‘ನೀನು ರಿಟೈರ್ ಆಗಿ ಎಷ್ಟು ಕಾಲವಾಯ್ತು’ ಎಂದು ತಡೆಯುವವರೇ ಎಲ್ಲರೂ. ನಿಮಗೆ ಬೇರೆ ಉತ್ತರ ಗೊತ್ತಿದೆ, ಏಕೆಂದರೆ ಅದು ನಿಮ್ಮ ಡ್ಯೂಟಿಯೂ ಹೌದು. ‘ಇವತ್ತು ಯಾವ ಶಿಫ್ಟೇ? ನಂದೂ ಇದೆ, ಜೊತೆಗೆ ಹೋಗೋಣ, ಕಾಫಿ ಕುಡಿದು ಹೊರಡೋಣ’ ಎಂದು ಹೇಳಿ. ಬಾಗಿಲನ್ನು ಅಡ್ಡಗಟ್ಟಬೇಡಿ, ಚಪ್ಪಲಿ ಮೆಟ್ಟಿಕೊಂಡು ಇಬ್ಬರೂ ಅಂಗಳದ ಗೇಟಿನವರೆಗೆ, ಇನ್ನೂ ಒತ್ತಾಯವಿದ್ದರೆ ಬೀದಿಯ ತಿರುವಿನವರೆಗೆ ನಡೆಯಿರಿ, ಹೋಗುತ್ತಾ ‘ನಂಬರ್ ಪ್ಲೀಸ್’ ಎಂದು ಗಂಟಲು ಒಣಗುವಷ್ಟು ಸಲ ಹೇಳುತ್ತಿದ್ದ ಕಾಲದ ಮಾತಾಡಿ, ಮತ್ತೊಂದು ಸುತ್ತು ಹಾಕಿ ಮನೆಗೆ ಬನ್ನಿ. ತಿರುಗಿ ಬರುವಾಗ ಅವರ ಪಾಲಿಗೆ ಅದು ಡ್ಯೂಟಿ ಮುಗಿಸಿ ಬಂದ ಮನೆ. ಡ್ಯೂಟಿ ಎಂದರೆ ಅವರಿಗೆ ನೌಕರಿಯೊಂದೇ ಅಲ್ಲವೆಂದು ನನ್ನ ಅನಿಸಿಕೆ. ಅದು ತನ್ನಿಂದ ಊರಿಗೆ ಉಪಯೋಗವಿದ್ದ ಕಾಲ. ಆ ಹಂಬಲವನ್ನು ತಪ್ಪೆಂದು ಸಾಬೀತುಪಡಿಸುವ ಅಗತ್ಯ ಯಾರಿಗೂ ಇಲ್ಲ.

ಒಂದು ಎಚ್ಚರಿಕೆ ಇದೆ. ಮೇಲೆ ಹೇಳಿದ ಗೊಂದಲವೆಲ್ಲ ತಿಂಗಳುಗಳಿಂದ ಇರುವಂಥದ್ದು. ಆದರೆ ಆ ದಿನ ಅವರು ಇದ್ದಕ್ಕಿದ್ದಂತೆ ಬಹಳ ಮಂಕಾದರೆ, ಮಾತಾಡುತ್ತಲೇ ತೂಕಡಿಸಿದರೆ, ಇಲ್ಲದ್ದನ್ನು ಕಂಡು ಬೆಚ್ಚಿದರೆ, ಗಂಟೆಗೊಂದು ಬಗೆಯಾದರೆ, ಅದನ್ನು ಮರೆವಿನ ಲೆಕ್ಕಕ್ಕೆ ಹಾಕಬೇಡಿ. ಹಳಬರು ಸನ್ನಿ ಎನ್ನುತ್ತಿದ್ದುದು ಇದನ್ನೇ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ನೀರು ಸಾಲದಿರುವುದು, ಮಲಬದ್ಧತೆ, ಹೊಸದಾಗಿ ಆರಂಭಿಸಿದ ಔಷಧಿ ಇವು ಅದರ ಸಾಮಾನ್ಯ ಕಾರಣಗಳು, ಮತ್ತು ಹೆಚ್ಚಿನವಕ್ಕೆ ಚಿಕಿತ್ಸೆಯಿದೆ. ಜ್ವರವಿಲ್ಲದೆಯೂ ಬರಬಹುದು. ಮದುವೆಯ ಗದ್ದಲವಿದ್ದರೂ ಮಗನಿಗೆ ಫೋನ್ ಮಾಡಿ, ಅಂದೇ ವೈದ್ಯರಿಗೆ ತೋರಿಸಿ. ಬಿದ್ದು ತಲೆಗೆ ಪೆಟ್ಟಾದರೂ ಹಾಗೆಯೇ. ‘ಏನೂ ಆಗಿಲ್ಲ’ ಎಂಬ ಅವರ ಮಾತು ಅಲ್ಲಿ ಸಾಲದು.

ಮಗ ಸೊಸೆ ಬಂದ ಮೇಲೆ ಎದ್ದು ಓಡಬೇಡಿ, ಹತ್ತು ನಿಮಿಷ ಕೂತು ಎಷ್ಟು ಉಂಡರು, ಎಷ್ಟು ಸಲ ಬಚ್ಚಲಿಗೆ ಹೋದರು, ಯಾವುದಕ್ಕೆ ನಕ್ಕರು ಎಂದು ಸೊಸೆಗೆ ಹೇಳಿ. ಯಾವುದಕ್ಕೆ ನಕ್ಕರು ಎಂಬುದು ಅವಳಿಗೆ ಮರುವಾರ ಉಪಯೋಗಕ್ಕೆ ಬರುತ್ತದೆ. ಅವಳ ಮುಖ ಸೋತಂತೆ ಕಂಡರೆ ಎರಡು ನಂಬರುಗಳನ್ನು ಬರೆದು ಕೊಡಿ: ಹಿರಿಯರಿಗೂ ಅವರನ್ನು ನೋಡಿಕೊಳ್ಳುವವರಿಗೂ ಮಾಹಿತಿ ನೀಡುವ ಎಲ್ಡರ್‌ಲೈನ್ 14567, ಮನಸ್ಸಿನ ಭಾರಕ್ಕೆ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ 14416. ಎರಡೂ ಉಚಿತ. ಇದಕ್ಕಿಂತ ಹೆಚ್ಚಿನ ಸಹಾಯವೆಂದರೆ, ಸಾಧ್ಯವಾದರೆ, ತಿಂಗಳಿಗೊಂದು ಮಧ್ಯಾಹ್ನ ಅವಳಿಗೆ ಬಿಡುವು ಸಿಗುವಂತೆ ನೀವು ಮತ್ತೆ ಬರುತ್ತೀರೆಂದು ಹೇಳುವುದು. ವಾರದ ಅದೇ ದಿನ, ಅದೇ ಹೊತ್ತಿಗೆ, ಅದೇ ಹೂವಿನ ಪೊಟ್ಟಣ ಹಿಡಿದು ಬಂದರೆ ಹೆಸರಿಲ್ಲದೆಯೂ ನಿಮ್ಮ ಪರಿಚಯ ಅವರಲ್ಲಿ ನೆಲೆಯೂರಬಹುದು.

ಗೆಳತಿಯಿಂದ ಬೀಳ್ಕೊಳ್ಳುವಾಗ ‘ನಾಳೆ ಬರ್ತೀನಿ’ ಎಂದು ಬಾಯಿಮಾತಿಗೆ ಹೇಳುವುದು ಬೇಡ, ‘ಇವತ್ತು ಚೆನ್ನಾಗಿತ್ತು ಕಣೇ’ ಎನ್ನಿ. ಮರುದಿನ ಬೆಳಿಗ್ಗೆ ಫೋನ್ ಮಾಡುವ ಆಸೆ ನಿಮಗಾಗುತ್ತದೆ. ಮಾಡಿ. ಆದರೆ ಗೆಳತಿಯ ಕೈಗೆ ಫೋನ್ ಬಂದಾಗ ‘ನಿನ್ನೆ ನಾನು ಬಂದಿದ್ದೆನಲ್ಲ’ ಎಂದು ಶುರುಮಾಡದೆ ‘ಕಾಫಿ ಆಯ್ತೇನೇ’ ಎಂದಷ್ಟೇ ಕೇಳಿ. ರಾತ್ರಿ ನಿದ್ದೆ ಹೇಗಿತ್ತು ಎಂಬುದನ್ನು ಸೊಸೆಯನ್ನು ಕೇಳಿದರೆ ನಿಮ್ಮ ಕೊನೆಯ ಪ್ರಶ್ನೆಗೆ ಅವಳಿಂದಲೇ ಉತ್ತರ ಸಿಕ್ಕೀತು.